ಎರಡು ಎಮ್ಮಿಗನೂರು

ಮೊನ್ನೆ ಮನೆ ಬದಲಾಯಿಸುವಾಗ ಸುಮ್ಮನೆ ಕೂತು ಚಾರ್ಜರ್‌ಗಳನ್ನು ಎಣಿಸಿದೆ. ಹದಿನಾಲ್ಕು! ಎರಡು ಫೋನು, ಎರಡು ಲ್ಯಾಪ್‌ಟಾಪು (ಒಂದು ಆಫೀಸಿನದು), ಒಂದು ಟ್ಯಾಬ್ಲೆಟ್, ಒಂದು ಕ್ಯಾಮೆರಾ, ಒಂದು ಕಿಂಡಲ್, ಗಡ್ಡ ಕೆರೆಯುವ ಮಿಷನ್ನು, ಸೈಕಲ್ಲಿನ ಲೈಟು. ಇಷ್ಟಕ್ಕೆ ಒಂಬತ್ತಾಯಿತು. ಉಳಿದ ಐದು ಯಾವುದರವು ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಬಿಸಾಡೋಕೂ ಮನಸ್ಸು ಬರಲಿಲ್ಲ. ನಮ್ಮವ್ವ ಹರಿದ ಸೀರೆಗಳನ್ನೆಲ್ಲ "ಕೌದಿಗೆ ಬರ್ತಾವೆ" ಅಂತ ಗಂಟು ಕಟ್ಟಿ ಇಡುತ್ತಾಳಲ್ಲ, ಹಂಗೆ ನಾನೂ ಒಂದು ಚೀಲಕ್ಕೆ ತುಂಬಿ ಹೊಸ ಮನೆಗೆ ತಂದೆ.

ಚಾರ್ಜರ್ ಬೇಡದ ಗ್ಯಾಜೆಟ್ಟು ಅಂತ ನನ್ನ ಹತ್ತಿರ ಇರೋದು ಒಂದೇ. ನಮ್ಮ ತಾತನ ಎಚ್‌ಎಂಟಿ ವಾಚು. ಅದರ ಕಥೆ ಹೇಳೋಣ ಅಂತಲೇ ಇವತ್ತು ಕೂತಿದ್ದು. ಆದರೆ ಅದನ್ನ ಹೇಳಬೇಕು ಅಂದ್ರೆ ಮೊದಲು ನನ್ನ ಕೆಲಸ, ಆಮೇಲೆ ಒಂದು ಜಿಪಿಎಸ್ ಡಬ್ಬಿ, ಆಮೇಲೆ ಎರಡು ಊರುಗಳ ಬಗ್ಗೆ ಹೇಳಬೇಕಾಗುತ್ತೆ. ಸ್ವಲ್ಪ ಸುತ್ತುಹಾದಿ. ನಾನು ಆ ಸಲ ಊರಿಗೆ ಹೋಗಿದ್ದೂ ಸುತ್ತುಹಾದಿಯಲ್ಲೇ ಬಿಡಿ.

ನಾನಿರೋದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ಎಂಬ ಊರಿನಲ್ಲಿ. 1891ರಲ್ಲಿ ಫಿಲಿಪ್ಸ್ ಕಂಪನಿ ಬಲ್ಬು ಮಾಡುತ್ತಾ ಹುಟ್ಟಿದ ಊರು ಇದು. ಎಮ್ಮಿಗನೂರಿನ ನಮ್ಮ ಮನೆಯ ಗೋಡೆಗೂಡಿನಲ್ಲಿದ್ದ ಹಳೇ ರೇಡಿಯೋ ಮೇಲೂ ಇದೇ ಹೆಸರಿತ್ತು. ಚಿಕ್ಕಂದಿನಲ್ಲಿ ಅದರ ಅಕ್ಷರಗಳನ್ನು ಕೂಡಿಸಿ ಓದಿಯೇ ನಾನು ಇಂಗ್ಲಿಷ್ ಕಲಿತದ್ದು ಅಂತ ತಾತ ಊರ ತುಂಬಾ ಹೇಳಿಕೊಂಡು ತಿರುಗುತ್ತಿದ್ದ. 2009ರಲ್ಲಿ ಇಲ್ಲಿಗೆ ಬಂದಾಗ, "ತಾತಾ, ನಮ್ಮ ರೇಡಿಯೋ ಊರಿಗೇ ಬಂದೀನಿ" ಅಂದೆ. ಅದಕ್ಕೆ ತಾತ, "ಹಂಗಾದ್ರೆ ಅದರ ತಿರುಪು ಕಳದೈತೆ, ಸಿಕ್ರೆ ಕೇಳಿ ತಗಂಬಾ" ಅಂದ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕೋದು. ಊರಲ್ಲಿ ಇದನ್ನ ಹೇಳಿದರೆ, "ಮಂದಿ ತಪ್ಪು ಹುಡುಕಾಕೆ ಸಂಬಳ ಕೊಡ್ತಾರಾ? ನಮ್ಮೂರಾಗೆ ಪುಕ್ಕಟೆ ಮಾಡ್ತಾರಲ್ಲೋ" ಅಂತ ನಗುತ್ತಾರೆ. ಈ ಕೆಲಸದಲ್ಲಿ ಮೊದಲನೇ ವರ್ಷವೇ ಕಲಿಸುವ ಪಾಠ ಒಂದಿದೆ. ಒಂದೇ ಹೆಸರಿನ ಎರಡು ದಾಖಲೆ ಇದ್ದಾಗ ಪ್ರೋಗ್ರಾಮು ತನಗೆ ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಮುಂದೆ ಹೋಗಬಾರದು. "ಯಾವುದು ಬೇಕು?" ಅಂತ ಬಳಸುವವನನ್ನು ತಿರುಗಿ ಕೇಳಬೇಕು. ಕೇಳಲಿಲ್ಲವೋ, ಅದು ತಪ್ಪು. ಇಂಥ ತಪ್ಪನ್ನು ನಾನು ನೂರಾರು ಸಲ ಹಿಡಿದಿದ್ದೇನೆ, ಕೆಂಪು ಬಣ್ಣ ಹಚ್ಚಿ ವಾಪಸ್ ಕಳಿಸಿದ್ದೇನೆ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಈಗ ಊರಿನ ವಿಷಯ. ಎಮ್ಮಿಗನೂರು ಅಂದ್ರೆ ಬಳ್ಳಾರಿ ಜಿಲ್ಲೆಯಲ್ಲಿ, ಕಂಪ್ಲಿಗೂ ಕುರುಗೋಡಿಗೂ ನಡುವೆ. ಟಿ.ಬಿ. ಡ್ಯಾಮಿನ ನೀರು ಕುಡಿದು ಭತ್ತ ಬೆಳೆಯುವ ಸೀಮೆ. ಆಗಸ್ಟಿನಲ್ಲಿ ನಾಟಿ ಮುಗಿದ ಮೇಲೆ ಬಂದು ನೋಡಿ, ಕಣ್ಣು ಹಾಯಿಸಿದಷ್ಟು ದೂರ ಹಸಿರು. ಬೇಸಿಗೆಯಲ್ಲಿ ಬಂದ್ರೆ ಮಾತ್ರ ನಾನು ಹೇಳಿದ್ದು ಸುಳ್ಳು ಅನ್ನುತ್ತೀರಿ. ನಮ್ಮದು ಮೂರೆಕರೆ, ಅದೂ ಹೊಲಗಾಲುವೆಯ ಕೊನೆ ಭಾಗದಲ್ಲಿ. ಕೊನೆ ಭಾಗದ ರೈತರ ಕಷ್ಟ ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರೆಲ್ಲ ಕಟ್ಟಿಕೊಂಡು ಮಿಕ್ಕಿದ ನೀರು ನಮಗೆ. ಪಾಳಿ ಬರೋದು ಸಾಮಾನ್ಯವಾಗಿ ರಾತ್ರಿ ಒಂದಕ್ಕೋ ಎರಡಕ್ಕೋ.

ಅದಕ್ಕೆ ತಾತನ ಹತ್ತಿರ ಮೂರು ಗ್ಯಾಜೆಟ್ಟಿದ್ದವು. ಒಂದು ಸಲಿಕೆ. ಇನ್ನೊಂದು ಮೂರು ಸೆಲ್ಲಿನ ಬ್ಯಾಟ್ರಿ (ಟಾರ್ಚಿಗೆ ನಮ್ಮ ಕಡೆ ಬ್ಯಾಟ್ರಿ ಅಂತಲೇ ಅನ್ನೋದು). ಮೂರನೆಯದು ಈ ವಾಚು. ಜಪಾನಿನ ಸಿಟಿಝನ್ ಕಂಪನಿ ಜೊತೆ ಸೇರಿ ಎಚ್‌ಎಂಟಿಯವರು ಬೆಂಗಳೂರಲ್ಲಿ ವಾಚಿನ ಕಾರ್ಖಾನೆ ತೆಗೆದದ್ದು 1961ರಲ್ಲಿ. ಅದಾಗಿ ಎಷ್ಟೋ ವರ್ಷಕ್ಕೆ, ಒಂದು ಸಲ ಭತ್ತಕ್ಕೆ ಒಳ್ಳೇ ರೇಟು ಬಂದಾಗ ತಾತ ಹೊಸಪೇಟೆಗೆ ಹೋಗಿ ಇದನ್ನ ಕೊಂಡಿದ್ದನಂತೆ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕೀ ಕೊಡುತ್ತಿದ್ದ. ಟೈಮಿಗೆ ಸರಿಯಾಗಿ ಎದ್ದು ಹೋಗಿ ಪಾಳಿ ನೀರು ತಿರುವಿಕೊಂಡು ಬರುತ್ತಿದ್ದ. "ಮೇಲಿನೋರ ಹತ್ರ ಟ್ರ್ಯಾಕ್ಟರ್ ಐತೆ, ನನ್ನ ಹತ್ರ ಟೈಮ್ ಐತೆ" ಅನ್ನುವುದು ಅವನ ಮಾತು.

ತಾತನಿಗೆ ಇನ್ನೊಂದು ಅಭ್ಯಾಸವಿತ್ತು. ಸಂಜೆ ಕಟ್ಟೆ ಮೇಲೆ ಕೂತಾಗ ಯಾರಾದರೂ ಹೊಸಬರು ಬಂದು ದಾರಿ ಕೇಳಿದರೆ ಸುಮ್ಮನೆ ಹೇಳುತ್ತಿರಲಿಲ್ಲ. "ಯಾವೂರಪ್ಪ? ಯಾರ ಮನೀಗೆ? ಏನು ಕೆಲಸ? ಉಂಡೀಯಾ?" ಅಂತ ನಾಲ್ಕು ಪ್ರಶ್ನೆ ಕೇಳಿದ ಮೇಲೇನೇ ಕೈ ಎತ್ತಿ ದಾರಿ ತೋರಿಸುತ್ತಿದ್ದ. ನಾನು ಹೊಸಪೇಟೆಯಲ್ಲಿ ಕಾಲೇಜಿಗೆ ಹೋಗುವಾಗ ಒಂದು ಸಲ ಗೆಳೆಯರು ಬೈಕಿನಲ್ಲಿ ಊರಿಗೆ ಬಂದಿದ್ದರು. ತಾತ ಅವರ ಅಪ್ಪಂದಿರ ಹೆಸರು, ಹೊಲ ಎಷ್ಟೆಕರೆ, ಅಕ್ಕಂದಿರ ಮದುವೆ ಆಯಿತೋ ಇಲ್ಲವೋ ಎಲ್ಲ ವಿಚಾರಿಸಿಯೇ ಮನೆ ತೋರಿಸಿದ್ದು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು.

ಅದಕ್ಕೇ ಈ ದೇಶಕ್ಕೆ ಬಂದ ಹೊಸದರಲ್ಲಿ ಎಂಥಾ ಹಾಯ್ ಅನ್ನಿಸಿತು ಗೊತ್ತಾ? ಇಲ್ಲಿ ಯಾರೂ ಏನೂ ಕೇಳಲ್ಲ. ಪಕ್ಕದ ಮನೆಯ ಅಜ್ಜಿ ಮೂರು ವರ್ಷ ದಿನಾ ನಕ್ಕು "ಗುಡ್ ಮಾರ್ನಿಂಗ್" ಹೇಳಿದ್ದಾಳೆ, ನನ್ನ ಹೆಸರು ಕೇಳಿಲ್ಲ. ಗೆಳೆಯನ ಮನೆಗೆ ಕಾಫಿಗೆ ಹೋಗಬೇಕಾದರೂ ಎರಡು ವಾರ ಮುಂಚೆ ಡೈರಿ ತೆಗೆದು ದಿನ ಗೊತ್ತು ಮಾಡುತ್ತಾರೆ. ಎಲ್ಲಿಗೆ ಹೋಗಬೇಕಾದರೂ ಜೇಬಿನಲ್ಲಿ ಫೋನಿದೆ, ಯಾರನ್ನೂ ಕೇಳಬೇಕಾಗಿಲ್ಲ. ಫೋನಂತೂ ಬಂಗಾರದಂಥದು, "ಯಾರ ಮನೀಗೆ?" ಅಂತ ಯಾವತ್ತೂ ಕೇಳುವುದಿಲ್ಲ.

ಮನೆಗೂ ಗ್ಯಾಜೆಟ್ಟು ಕಳಿಸಿದೆ. ರಜೆಗೆ ಹೋದಾಗ ಅಪ್ಪನಿಗೆ ಒಂದು ಟ್ಯಾಬ್ಲೆಟ್ ಕೊಟ್ಟು, ಸ್ಕೈಪ್ ಹಾಕಿ, "ಇದರಾಗೆ ನನ್ನ ಮುಖ ಕಾಣ್ತೈತೆ" ಅಂತ ತೋರಿಸಿ ಬಂದಿದ್ದೆ. ಅದು ಡಬ್ಬಿ ಸಮೇತ ಬೀರುವಿನಲ್ಲಿ ಅವ್ವನ ರೇಷ್ಮೆ ಸೀರೆ ಕೆಳಗೆ ಹೋಯಿತು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಗೆ ತೆಗೆದು ಅರಿಶಿನ ಕುಂಕುಮ ಹಚ್ಚಿ ಮತ್ತೆ ಒಳಗಿಟ್ಟರಂತೆ. ಮಾತಾಡೋದೆಲ್ಲ ಹಳೇ ನೋಕಿಯಾದಲ್ಲೇ, ವಾರಕ್ಕೊಂದು ಸಲ, ಭಾನುವಾರ.

"ಉಂಡೇನಪ್ಪ?"

"ಉಂಡೆ."

"ಆರಾಮಿದೀಯಾ?"

"ಆರಾಮಿದೀನಿ."

"ಅಲ್ಲಿ ಚಳಿ ಭಾಳ ಐತಾ?"

"ಹ್ಞೂಂ, ಐತೆ."

"ಕೆಲಸ?"

"ನಡದೈತೆ. ಇಡ್ಲಾ?"

ಮೂರು ನಿಮಿಷ. ನನಗೆ ಅದು ಸಾಕು ಅನ್ನಿಸುತ್ತಿತ್ತು.

2012ರ ನವೆಂಬರಿನಲ್ಲಿ ಒಂದು ಗುರುವಾರ ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಚಳಿಗಾಲದಲ್ಲಿ ಇಲ್ಲಿಗೂ ಊರಿಗೂ ನಾಲ್ಕೂವರೆ ತಾಸಿನ ವ್ಯತ್ಯಾಸ, ಅಂದ್ರೆ ಅಲ್ಲಿ ಬೆಳಗಿನ ಜಾವ ಮೂರೂವರೆ. ಆ ಹೊತ್ತಿಗೆ ಬರುವ ಫೋನು ಏನು ಹೇಳುತ್ತೆ ಅಂತ ದೂರದಲ್ಲಿರುವ ಎಲ್ಲರಿಗೂ ಗೊತ್ತಿರುತ್ತೆ. ಎತ್ತುವ ಮುಂಚೆಯೇ ಕೈ ತಣ್ಣಗಾಗಿತ್ತು. ಅವ್ವ ಹೇಳಿದಳು, "ತಾತಗೆ ಆರಾಮಿಲ್ಲಪ್ಪ. ಉಸಿರು ಕಟ್ತೈತೆ. ಬಳ್ಳಾರಿ ಡಾಕ್ಟ್ರು ವಯಸ್ಸಾಗೈತೆ, ಮನೀಗೆ ಕರ್ಕಂಡು ಹೋಗ್ರಿ ಅಂದ್ರು. ನಿನ್ನೇ ಕೇಳಾಕತ್ತಾನೆ."

ಬೆಂಗಳೂರಿಗೆ ಟಿಕೆಟ್ ಸಿಗಲಿಲ್ಲ. ಹೈದರಾಬಾದಿಗೆ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಸ್ಕಿಪೋಲ್ ನಿಲ್ದಾಣದಲ್ಲಿ ವಿಮಾನ ಹತ್ತಿದೆ. ಈ ಸ್ಕಿಪೋಲ್ ನೋಡಿ, ಒಂದು ಕಾಲಕ್ಕೆ ದೊಡ್ಡ ಕೆರೆಯ ತಳವಾಗಿತ್ತು. ಹಬೆಯ ಪಂಪು ಹಾಕಿ 1852ರ ಹೊತ್ತಿಗೆ ನೀರೆಲ್ಲ ಎತ್ತಿ ಹೊರಗೆ ಹಾಕಿ ನೆಲ ಮಾಡಿಕೊಂಡರು. ಇವತ್ತಿಗೂ ಅದು ಸಮುದ್ರಮಟ್ಟಕ್ಕಿಂತ ಕೆಳಗೇ ಇದೆ. ನಾವು ನೆಲ ಮುಳುಗಿಸಿ ನೀರು ನಿಲ್ಲಿಸಿದೆವು, ಇವರು ನೀರು ಖಾಲಿ ಮಾಡಿ ನೆಲ ಎಬ್ಬಿಸಿದರು. ತಾತನಿಗೆ ಇದನ್ನ ಹೇಳಬೇಕು ಅಂತ ಮೂರು ವರ್ಷದಿಂದ ಅಂದುಕೊಂಡಿದ್ದೆ. ಹೇಳಿರಲಿಲ್ಲ. ಮೂರು ನಿಮಿಷದ ಫೋನಿನಲ್ಲಿ ಕೆರೆ ಬತ್ತಿಸುವ ಕಥೆಗೆ ಜಾಗ ಎಲ್ಲಿ?

ಹೈದರಾಬಾದಿನಲ್ಲಿ ಇಳಿದಾಗ ರಾತ್ರಿ ಹನ್ನೊಂದು. ಹೊರಗೆ ಬಂದು ಟ್ಯಾಕ್ಸಿ ಹಿಡಿದೆ. ಡ್ರೈವರ್ ಇಪ್ಪತ್ತೆರಡರ ಹುಡುಗ. ಡ್ಯಾಶ್‌ಬೋರ್ಡಿನ ಮೇಲೆ ಜಿಪಿಎಸ್ ಡಬ್ಬಿ ಅಂಟಿಸಿಕೊಂಡಿದ್ದ. "ಎಕ್ಕಡಿಕಿ ಸಾರ್?" ಅಂದ. "ಎಮ್ಮಿಗನೂರು" ಅಂದೆ. ಅವನು ಒತ್ತಿದ, ಡಬ್ಬಿಯಲ್ಲಿ ಬಂತು, ನನ್ನ ಕಡೆ ತಿರುಗಿಸಿ ತೋರಿಸಿದ. ನಾನು ತಲೆ ಹಾಕಿದೆ. ಮೂವತ್ತು ತಾಸಿನಿಂದ ನಿದ್ದೆ ಇಲ್ಲ. ಊರಿನ ಹೆಸರು ಪರದೆ ಮೇಲೆ ಹೊಳೆಯುವುದನ್ನು ನೋಡಿದ್ದೇ ಸಮಾಧಾನವಾಗಿ ಕಣ್ಣು ಮುಚ್ಚಿದೆ.

"ಯು ಹ್ಯಾವ್ ರೀಚ್ಡ್ ಯುವರ್ ಡೆಸ್ಟಿನೇಶನ್" ಅಂತ ಡಬ್ಬಿಯೊಳಗಿನ ಹೆಂಗಸು ಹೇಳಿದಾಗ ಎಚ್ಚರಾಯಿತು. ಬೆಳಗಿನ ಜಾವ ನಾಲ್ಕೂವರೆ. ಪರವಾಗಿಲ್ಲ, ಬೇಗ ಬಂದ್ವಿ ಅಂದುಕೊಂಡು ಕಿಟಕಿ ಇಳಿಸಿದೆ. ದೊಡ್ಡ ಬಸ್ ಸ್ಟ್ಯಾಂಡು. ನಮ್ಮೂರಲ್ಲಿ ಇಷ್ಟು ದೊಡ್ಡ ಬಸ್ ಸ್ಟ್ಯಾಂಡ್ ಯಾವಾಗ ಕಟ್ಟಿದರು? ಅಂಗಡಿಯ ಬೋರ್ಡುಗಳನ್ನು ನೋಡಿದೆ. ಎಲ್ಲಾ ತೆಲುಗು.

ಎದೆ ಧಸಕ್ ಅಂತು.

ಇದು ಕರ್ನೂಲು ಜಿಲ್ಲೆಯ ಎಮ್ಮಿಗನೂರು. ಆದೋನಿಯ ಆಚೆ, ಮಂತ್ರಾಲಯದ ಹತ್ತಿರ ಇರೋದು. ನೇಕಾರರ ಊರು ಅಂತ ಹೆಸರು, 1938ರಲ್ಲೇ ಮಾಚಾನಿ ಸೋಮಪ್ಪನವರು ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದವರು. ಇಂಥದೊಂದು ಊರಿದೆ ಅಂತ ಚಿಕ್ಕಂದಿನಿಂದ ಕೇಳಿದ್ದೆ, ನೋಡಿರಲಿಲ್ಲ. ಹೀಗೆ ನೋಡುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಒಂದೇ ಹೆಸರಿನ ಎರಡು ದಾಖಲೆ, ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಿದೆ. ನೂರಾರು ಸಲ ಕೆಂಪು ಬಣ್ಣ ಹಚ್ಚಿದ ತಪ್ಪು! ಡಬ್ಬಿ ಮೇಲೆ ಸಿಟ್ಟು ಬಂತು. ಡ್ರೈವರ್ ಹುಡುಗನ ಮೇಲೆ ಬಂತು. ಕೊನೆಗೆ, ತೋರಿಸಿದಾಗ ತಲೆ ಹಾಕಿದವನು ಯಾರು ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಫೋನು ತೆಗೆದು ನಾನೇ ದಾರಿ ನೋಡೋಣ ಅಂದ್ರೆ ಬ್ಯಾಟರಿ ಸತ್ತು ಮಲಗಿತ್ತು. ಅವತ್ತು ಹದಿನಾಲ್ಕು ಚಾರ್ಜರಿನಲ್ಲಿ ಒಂದೂ ಜೊತೆಗಿರಲಿಲ್ಲ.

ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಚಾದಂಗಡಿ ಆಗತಾನೇ ಒಲೆ ಹಚ್ಚಿತ್ತು. ಅರವತ್ತರ ಆಸುಪಾಸಿನ ಯಜಮಾನ ಮಂಡಾಳು ನೆನೆಸುತ್ತಿದ್ದ. ಹೋಗಿ ನನ್ನ ಹರಕು ತೆಲುಗಿನಲ್ಲಿ, "ಎಮ್ಮಿಗನೂರಿಗೆ ಹೋಗಬೇಕು" ಅಂದೆ. ಎಮ್ಮಿಗನೂರಿನಲ್ಲೇ ನಿಂತುಕೊಂಡು! ಹುಚ್ಚ ಅನ್ನಬಹುದಿತ್ತು. ಅವನು ಕೈ ಒರೆಸಿಕೊಂಡು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು.

"ಏ ಎಮ್ಮಿಗನೂರು, ನಾಯನಾ?"

ಯಾವ ಎಮ್ಮಿಗನೂರು?

ಹೈದರಾಬಾದಿನಿಂದ ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಅದು. ಕಣ್ಣಲ್ಲಿ ನೀರು ಬಂದುಬಿಟ್ಟಿತು, ನಿದ್ದೆಗೆಟ್ಟಿದ್ದಕ್ಕೂ ಇರಬಹುದು. "ಕಂಪ್ಲಿ ಹತ್ರದ್ದು" ಅಂದೆ. ತಕ್ಷಣ ಅವನ ಬಾಯಲ್ಲಿ ಕನ್ನಡ ಬಂತು. "ಕಂಪ್ಲಿ ಎಮ್ಮಿಗನೂರಾ? ನಮ್ಮ ತಂಗಿನ್ನ ಕುರುಗೋಡಿಗೇ ಕೊಟ್ಟೀವಿ. ಯಾರ ಮನಿಯವರು ನೀವು? ಈಟೊತ್ತಿಗೆ ಇಲ್ಲಿಗೆ ಯಾಕೆ ಬಂದ್ರಿ?" ಅಂತ ಶುರು ಮಾಡಿದ. ಎಲ್ಲಾ ಹೇಳಿದೆ. ತಾತನ ಹೆಸರು, ಹೊಲ ಇರುವ ಕಡೆ, ಉಸಿರು ಕಟ್ಟುವುದು, ಹಾಲೆಂಡು, ಎಲ್ಲಾ. ಅವನಿಗೆ ನಮ್ಮ ಮನೆ ಗೊತ್ತಿರಲಿಲ್ಲ, ಗೊತ್ತಿರುವುದಕ್ಕೆ ಸಾಧ್ಯವೂ ಇರಲಿಲ್ಲ. ಆದರೂ ಎಲ್ಲಾ ಕೇಳಿಸಿಕೊಂಡ. ಆಮೇಲೆ ಡ್ರೈವರನ್ನು ಕರೆದು ತೆಲುಗಿನಲ್ಲಿ ಬೈದು, ಪೊಟ್ಟಣ ಕಟ್ಟುವ ಪೇಪರಿನ ಮೇಲೆ ಗೆರೆ ಎಳೆದು ತೋರಿಸಿದ. ಆದೋನಿ, ಅಲ್ಲಿಂದ ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು, ಎಮ್ಮಿಗನೂರು. "ಸಿರುಗುಪ್ಪ ದಾಟಿದ ಮೇಲೆ ಭತ್ತದ ಟ್ರ್ಯಾಕ್ಟರ್ ಭಾಳ ಇರ್ತಾವೆ, ಹಿಂದೆ ಲೈಟಿರಂಗಿಲ್ಲ, ಮೆಲ್ಲಗೆ ಹೋಗು. ಹಿರೇ ಜೀವ ಕಾಯಾಕತ್ತೈತೆ, ಆದ್ರೂ ಮೆಲ್ಲಗೆ ಹೋಗು."

ಯಾವ ಡಬ್ಬಿಯಲ್ಲಿ ಇದೆ ಹೇಳಿ ಈ ವಾಕ್ಯ?

ಅಷ್ಟರಲ್ಲಿ ಒಂದು ಪೊಟ್ಟಣ ಉಗ್ಗಾನಿ, ಎರಡು ಬಜ್ಜಿ ಕಟ್ಟಿ ಕೈಗಿಟ್ಟ. ನಾವು ಒಗ್ಗಾಣಿ ಅನ್ನುವುದನ್ನೇ ಅವರು ಉಗ್ಗಾನಿ ಅನ್ನುತ್ತಾರೆ. ರುಚಿಯಲ್ಲಿ ಎಳ್ಳಷ್ಟೂ ಫರಕಿಲ್ಲ. ದುಡ್ಡು ತೆಗೆದುಕೊಂಡ, ಪುಕ್ಕಟೆ ಕೊಟ್ಟ ಅಂತ ಕಥೆ ಕಟ್ಟುವುದಿಲ್ಲ. ಆದರೆ ಚಹದ ದುಡ್ಡು ಬೇಡ ಅಂದ.

ಊರು ಮುಟ್ಟಿದಾಗ ಎಂಟು ಗಂಟೆ. ಪಡಸಾಲೆಯಲ್ಲಿ ಮಂಚದ ಮೇಲೆ ತಾತ ದಿಂಬಿಗೆ ಒರಗಿ ಕೂತಿದ್ದ. ತೀರಾ ಬಡಕಲಾಗಿದ್ದ, ಆದರೆ ಕಣ್ಣು ಅದೇ. ನಾನು ಕಾಲು ಮುಟ್ಟಿದೆ. ಅವನ ಮೊದಲ ಮಾತು, "ಉಂಡೀಯಾ?" ಎರಡನೆಯದು, "ಯಾವ ದಾರಿಲಿ ಬಂದಿ? ಯಾಕೀಟು ತಡ?"

ಹೇಳಿದೆ. ಬೈತಾನೆ ಅಂದುಕೊಂಡಿದ್ದೆ. ತಾತ ನಗಲು ಶುರು ಮಾಡಿದ. ನಕ್ಕೂ ನಕ್ಕೂ ಕೆಮ್ಮು ಬಂದು, ಅವ್ವ ಓಡಿ ಬಂದು ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೆ ನಿಧಾನವಾಗಿ ಹೇಳಿದ:

"ಇದೇನು ಹೊಸದಲ್ಲಲೇ. ಮೊದ್ಲು ಆ ಎಮ್ಮಿಗನೂರೂ ನಮ್ಮ ಜಿಲ್ಲೇನೇ. ಎಲ್ಲಾ ಮದ್ರಾಸಿಗೆ ಸೇರಿದ್ದು. ನಂಗೆ ಬರೋ ಕಾಗದ ಆದೋನಿ ಕಡೀಗೆ ಹೋಗಿ, ಅಲ್ಲಿ ವಾರ ಕುಂತು, ತಿರುಗಿ ಬರ್ತಿದ್ವು. ಅದಕ್ಕೇ ಕಂಪ್ಲಿ ಹತ್ರ ಅಂತ ಬರಸ್ತಿದ್ವಿ."

ಆಮೇಲೆ ನಾನು ಹುಡುಕಿ ನೋಡಿದೆ, ತಾತ ಹೇಳಿದ್ದು ಖರೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳೂ ಅದರೊಳಗೇ ಇದ್ದವು. ಆ ಎಮ್ಮಿಗನೂರು ಇದ್ದದ್ದು ಆದೋನಿ ತಾಲೂಕಿನಲ್ಲಿ. ಆಂಧ್ರ ರಾಜ್ಯ ಆದ ದಿನ ಆ ಮೂರು ತಾಲೂಕು ಆಚೆಗೆ ಹೋದವು, ನಾವು ಮೈಸೂರಿಗೆ ಸೇರಿದೆವು. ಒಂದೇ ಹೆಸರಿನ ಎರಡು ಊರು ಒಂದೇ ಜಿಲ್ಲೆಯಲ್ಲಿದ್ದು, ಒಂದು ದಿನ ಬೆಳಗಾಗುವಷ್ಟರಲ್ಲಿ ಎರಡು ರಾಜ್ಯದ ಪಾಲಾದವು. 1972ರಲ್ಲಿ ಪಿನ್ ಕೋಡ್ ಬಂದ ಮೇಲೆ ಕಾಗದಗಳ ಗೊಂದಲಕ್ಕೂ ಮದ್ದು ಸಿಕ್ಕಿತು. ನಮ್ಮದು 583ರಿಂದ ಶುರು, ಅವರದು 518ರಿಂದ.

ತಾತನ ಮಾತು ಮುಗಿದಿರಲಿಲ್ಲ. "ನಮ್ಮ ಸೀಮೆ ಕಾಲುವೆ ನೀರು ಮುಂದೆ ಎಲ್ಲಿಗೆ ಹೋಗ್ತೈತೆ ಗೊತ್ತೇನು? ಆ ಕಡೀಗೇ. ಆದೋನಿ, ಎಮ್ಮಿಗನೂರು ಸೀಮೆಗೆ. ನಾನು ರಾತ್ರಿ ಎದ್ದು ಎಷ್ಟು ನೀರು ತಿರುವಿಕೊಂಡ್ರೂ ಮಿಕ್ಕಿದ್ದು ಅವರಿಗೇ ಹೋಗೋದು. ನೀನು ನೀರಿಗೆ ಎದುರು ಬಂದೀಯ, ಅಷ್ಟೇ. ದಾರಿ ತಪ್ಪಿಲ್ಲ ಬಿಡು."

ಟಿ.ಬಿ. ಡ್ಯಾಮಿನ ಕೆಳಮಟ್ಟದ ಕಾಲುವೆ ಹೋಗುವುದು ಹಾಗೇ. ಬಳ್ಳಾರಿ ಸೀಮೆ ದಾಟಿ ಕರ್ನೂಲು ಜಿಲ್ಲೆಗೆ. ಕೊನೆ ಭಾಗದವರು ನಾವೇ ಅಂತ ಹುಟ್ಟಿದಾಗಿನಿಂದ ಗೋಳಾಡಿಕೊಂಡಿದ್ದೆವಲ್ಲ, ನಮಗಿಂತ ಕೊನೆಯಲ್ಲಿ ಇನ್ನೊಂದು ಎಮ್ಮಿಗನೂರೇ ಇತ್ತು.

ಹತ್ತು ದಿನ ರಜೆ. ಹತ್ತೂ ದಿನ ಮಂಚದ ಪಕ್ಕದಲ್ಲೇ ಕೂತೆ. ಸ್ಕಿಪೋಲಿನ ಕೆರೆಯ ಕಥೆ ಹೇಳಿದೆ. ಇಲ್ಲಿ ರೈತರೇ ಸೇರಿ ನೀರಿನ ಮಂಡಳಿ ಮಾಡಿಕೊಂಡಿದ್ದಾರೆ, 13ನೇ ಶತಮಾನದಿಂದ ನಡೆದುಕೊಂಡು ಬಂದಿದೆ, ಮಂಡಳಿಗೆ ಈಗಲೂ ಎಲೆಕ್ಷನ್ ಆಗುತ್ತೆ ಅಂದೆ. ತಾತ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿ ನೀರು ಹೊರಗೆ ಹಾಕಾಕೆ ಪಾಳಿ, ಇಲ್ಲಿ ಒಳಗೆ ತರಾಕೆ ಪಾಳಿ. ಜಗಳ ಮಾತ್ರ ಒಂದೇ ಇರ್ತೈತೆ, ಅಲ್ಲೇನು?" ಅಂದ. ನಮ್ಮ ಆಫೀಸಿನ ಡಚ್ ಗೆಳೆಯನಿಗೆ ಇದನ್ನ ಹೇಳಿದಾಗ ಅವನು ಎದ್ದು ನಿಂತು ಕೈ ಕುಲುಕಿದ, ತಾತನ ಬದಲಿಗೆ ನನ್ನ ಕೈ.

ಆ ಹತ್ತು ದಿನದಲ್ಲಿ ನನಗೆ ಒಂದು ವಿಷಯ ಅರ್ಥವಾಗಿ ನಾಚಿಕೆಯಾಯಿತು. ತಾತ ನನ್ನನ್ನು ದಿನಕ್ಕೆ ಐವತ್ತು ಪ್ರಶ್ನೆ ಕೇಳುತ್ತಿದ್ದ. ಅಲ್ಲಿ ಸಗಣಿ ಏನು ಮಾಡ್ತಾರೆ, ಸೈಕಲ್ ಕಳವಾಗಲ್ಲೇನು, ನಿನ್ನ ಸಾಹೇಬಗೆ ಮಕ್ಕಳೆಷ್ಟು. ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ಕೇಳಿದ್ದಕ್ಕೆ ಮಾತ್ರ, ಅಚ್ಚುಕಟ್ಟಾಗಿ. ಮೂರು ವರ್ಷ ಪ್ರತಿ ಭಾನುವಾರ ಮಾಡಿದ್ದೂ ಅದನ್ನೇ. ಉಂಡೆಯಾ ಅಂದ್ರೆ ಉಂಡೆ, ಚಳಿಯಾ ಅಂದ್ರೆ ಹ್ಞೂಂ. ಒಂದು ಸಲವಾದರೂ "ನೀರು ಬಂತೇನು? ಈ ಸಲ ಪಾಳಿ ಯಾವಾಗ? ರಾತ್ರಿ ಯಾರು ಹೋಗ್ತಾರೆ?" ಅಂತ ತಿರುಗಿ ಕೇಳಿದ್ದೆನೇ? ತಾತ ಒಂದೂವರೆ ವರ್ಷದಿಂದ ಹೊಲಕ್ಕೆ ಹೋಗುತ್ತಿರಲಿಲ್ಲ, ಸೊಂಟ ನೋವಿನ ಅಪ್ಪನೇ ರಾತ್ರಿ ಪಾಳಿಗೆ ಹೋಗುತ್ತಿದ್ದ. ಅದು ನನಗೆ ಗೊತ್ತಾದದ್ದು ಅಲ್ಲಿ ಕೂತಾಗಲೇ. "ಯಾಕೆ ಹೇಳಲಿಲ್ಲ?" ಅಂದ್ರೆ ಅಪ್ಪ, "ನೀನು ಕೇಳಲಿಲ್ಲಲ್ಲ" ಅಂದ. ಸಿಟ್ಟಿನಿಂದ ಅಲ್ಲ, ಸುಮ್ಮನೆ. ಆ ಡ್ಯಾಶ್‌ಬೋರ್ಡಿನ ಡಬ್ಬಿಗೂ ನನಗೂ ಏನು ವ್ಯತ್ಯಾಸ ಇತ್ತು, ನೀವೇ ಹೇಳಿ.

ಹೊರಡುವ ದಿನ ತಾತ ಮಣಿಕಟ್ಟಿನ ವಾಚು ಬಿಚ್ಚಿ ಕೊಟ್ಟ. ಕೈ ಎಷ್ಟು ಸಣ್ಣಗಾಗಿತ್ತೆಂದರೆ ಬಿಚ್ಚುವುದೇ ಬೇಕಾಗಿರಲಿಲ್ಲ, ಜಾರಿಸಿದರೂ ಬರುತ್ತಿತ್ತು. "ದಿನಾ ಕೀ ಕೊಡ್ಬೇಕು. ಒಂದಿನ ಮರೆತ್ರೆ ನಿಂತೋಗ್ತೈತೆ. ಹಂಗಂತ ಜಾಸ್ತಿನೂ ತಿರುವಬ್ಯಾಡ" ಅಂದ. ಇನ್ನೂ ಒಂದು ವಾರ ಇರುತ್ತೇನೆ ಅಂತ ಆಫೀಸಿಗೆ ಮೇಲ್ ಬರೆದಿದ್ದೆ, ಕಳಿಸಲಿಲ್ಲ. ತಾತ ಚೇತರಿಸಿಕೊಂಡಂತೆ ಕಾಣುತ್ತಿದ್ದ, ಗಂಜಿ ಕುಡಿಯುತ್ತಿದ್ದ. ಎಲ್ಲರೂ "ಹೋಗಿ ಬಾ" ಅಂದರು. ಆ ಮೇಲ್ ಇವತ್ತಿಗೂ ಡ್ರಾಫ್ಟಿನಲ್ಲಿದೆ, ಅಳಿಸಿಲ್ಲ.

ನಾನು ಐಂಡ್‌ಹೋವನ್ ಮುಟ್ಟಿದ ಮೂರನೇ ದಿನ ತಾತ ಹೋದ.

ಮತ್ತೆ ಹೊರಟರೂ ಮಣ್ಣಿಗೆ ಮುಟ್ಟಲು ಆಗುತ್ತಿರಲಿಲ್ಲ. ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣ, ವಿಡಿಯೋ ಬರಂಗಿಲ್ಲ, ನೆಟ್‌ವರ್ಕ್ ಇಲ್ಲ. ಫೋನು ಹಂಗೇ ಜೇಬಿನಾಗೆ ಇಟ್ಕಂತೀನಿ, ಕೇಳ್ತಿರು" ಅಂದ. ಆಫೀಸಿನ ಒಂದು ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಒಂದು ತಾಸು ಕೇಳಿದೆ. ಭಜನೆಯವರ ತಾಳ, ಚಪ್ಪಲಿ ಇಲ್ಲದ ಕಾಲುಗಳ ಸಪ್ಪಳ, ಜೇಬಿನ ಬಟ್ಟೆ ಉಜ್ಜುವ ಸದ್ದು. ಮಧ್ಯದಲ್ಲಿ ಯಾರೋ, "ಯಾರದಲೇ ಫೋನು?" ಅಂದರು. "ಅಣ್ಣಂದು, ಹಾಲೆಂಡಿಂದ." "ಕೇಳಾಕತ್ತಾನಂತಾ?" "ಹ್ಞೂಂ, ಕೇಳಾಕತ್ತಾನೆ." ಆಮೇಲೆ ಆ ದನಿ ಫೋನಿಗೆ ಹತ್ತಿರ ಬಂದು, ನನ್ನ ಹೆಸರು ಹಿಡಿದು ಕರೆದು, "ಉಂಡೇನಪ್ಪ?" ಅಂತು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಈಗ ವಾಚು ನನ್ನ ಕೈಯಲ್ಲಿದೆ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕೀ ಕೊಡುತ್ತೇನೆ. ಎರಡು ಸಲ ಮರೆತಿದ್ದೇನೆ, ಎರಡೂ ಸಲ ನಿಂತಿದೆ. ಟೈಮು ಮಾತ್ರ ಊರಿನದೇ ಇಟ್ಟಿದ್ದೇನೆ. ಆಫೀಸಿನಲ್ಲಿ ಯಾರಾದರೂ ನೋಡಿ "ನಿನ್ನ ವಾಚು ತಪ್ಪು ತೋರಿಸ್ತಿದೆ" ಅಂದ್ರೆ, ಇಲ್ಲ ಅಂತ ಹೇಳಿ ಕಾಲುವೆ, ಪಾಳಿ, ಎರಡು ಎಮ್ಮಿಗನೂರು ಎಲ್ಲಾ ವಿವರಿಸುತ್ತೇನೆ. ಕೇಳಿದವರು ಮತ್ತೆ ಕೇಳುವುದಿಲ್ಲ.

ಭಾನುವಾರದ ಫೋನು ಈಗಲೂ ಹಳೇ ನೋಕಿಯಾಕ್ಕೇ. ಅವ್ವ "ಉಂಡೇನಪ್ಪ?" ಅಂತಾಳೆ. "ಉಂಡೆ. ನೀನೇನು ಮಾಡಿದ್ದಿ ಇವತ್ತು? ಅಪ್ಪನ ಸೊಂಟ ಹೆಂಗೈತೆ? ನೀರು ಬಂತೇನು?" ಅಂತೀನಿ. ಮೊದಮೊದಲು ಅವಳಿಗೆ ಗಾಬರಿಯಾಗಿತ್ತು, "ಯಾಕಪ್ಪ, ಏನಾಯ್ತು?" ಅಂತಿದ್ದಳು. ಈಗ ರೂಢಿಯಾಗಿದೆ. ಹೋದ ವಾರ ಪಕ್ಕದ ಮನೆಯವರ ಎಮ್ಮೆ ಹಗ್ಗ ಕಿತ್ತುಕೊಂಡು ಯಾರ ಗದ್ದೆಗೆ ನುಗ್ಗಿತು, ಅದಕ್ಕೆ ಯಾರು ಯಾರಿಗೆ ಏನಂದರು ಅನ್ನುವುದನ್ನು ನಲವತ್ತು ನಿಮಿಷ ಹೇಳಿದಳು. ಫೋನು ಬಿಸಿಯಾಗಿ ಬ್ಯಾಟರಿ ಕೆಂಪಿಗೆ ಬಂತು.

ಎದ್ದು ಹೋಗಿ ಚೀಲದಿಂದ ಒಂದು ಚಾರ್ಜರ್ ತಂದು ಸಿಕ್ಕಿಸಿಕೊಂಡು, "ಆಮೇಲೆ?" ಅಂದೆ.